ಖಾಸಗಿ ಥೆರಪಿಗೆ ಹೋಗುವ ಮೊದಲು ಏನೇನು ಕೇಳಿ ತಿಳಿಯಬೇಕು

ಮೊಣಕಾಲು ನೋವಿಗೆ ಯಾವ ಡಾಕ್ಟರು ಒಳ್ಳೆಯವರು ಎಂದು ವಿಜಯಪುರದಲ್ಲಿ ಯಾರನ್ನು ಕೇಳಿದರೂ ಮೂರು ಹೆಸರು ಸಿಗುತ್ತವೆ. ಕಿರಾಣಿ ಅಂಗಡಿಯವರು ಒಂದು ಹೇಳುತ್ತಾರೆ, ಅಟೋದವರು ಇನ್ನೊಂದು ಹೇಳುತ್ತಾರೆ, ಮನೆಯ ಹಿರಿಯರಂತೂ ಡಾಕ್ಟರ ಅಪ್ಪ ಯಾವ ಊರಿನವರು ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಮನಸ್ಸಿನ ತೊಂದರೆಗೆ ಮಾತ್ರ ನಾವು ಯಾರನ್ನೂ ಕೇಳುವುದಿಲ್ಲ, ಏಕೆಂದರೆ ಕೇಳಿದ್ದೇ ಸುದ್ದಿಯಾಗುತ್ತದೆ. ಹೀಗಾಗಿ ಯಾವುದೋ ಬೋರ್ಡನ್ನೋ, ಮೊಬೈಲಿನಲ್ಲಿ ಕಂಡ ಒಂದು ವಿಡಿಯೊವನ್ನೋ ನಂಬಿ, ಯಾರಿಗೂ ಹೇಳದೆ, ಏನನ್ನೂ ವಿಚಾರಿಸದೆ ಹೋಗಿ ಕುಳಿತುಬಿಡುತ್ತೇವೆ.

ನಾನೂ ಹಾಗೆಯೇ ಹೋದವಳು. ನಾಲ್ಕು ವರ್ಷಗಳ ಹಿಂದೆ ಮೊದಲ ಸಲ ಹೋದ ಕಡೆ ಕೋಣೆಯ ಒಂದು ಗೋಡೆ ಪ್ಲೈವುಡ್ಡಿನದಾಗಿತ್ತು. ಆಚೆ ಬದಿಯಲ್ಲಿ ಸರದಿಗಾಗಿ ಕುಳಿತವರೊಬ್ಬರ ಕೆಮ್ಮು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಿದ್ದ ಮೇಲೆ ನನ್ನ ಮಾತೂ ಅವರಿಗೆ ಕೇಳುತ್ತಿದೆ ಎಂಬುದು ಹೊಳೆದಾಗ ನಾನು ಆಗಲೇ ಹತ್ತು ನಿಮಿಷ ಅತ್ತಾಗಿತ್ತು. ಅಲ್ಲಿಗೆ ನಾನು ಮತ್ತೆ ಹೋಗಲಿಲ್ಲ. ಬೇರೆಯವರ ಬಳಿ ಹೋಗುವ ಧೈರ್ಯ ಬರಲು ಒಂದು ವರ್ಷ ಬೇಕಾಯಿತು. ಕೋಣೆ ಹೇಗಿದೆ ಎಂದು ಮೊದಲೇ ಒಂದು ಮಾತು ಕೇಳಿದ್ದರೆ ಆ ವರ್ಷ ಉಳಿಯುತ್ತಿತ್ತು. ಥೆರಪಿಸ್ಟರ, ಅಂದರೆ ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಚಿಕಿತ್ಸೆ ಕೊಡುವವರ ಮುಂದೆ ಮನಸ್ಸು ಬಿಚ್ಚುವುದಕ್ಕೆ ಮೊದಲು ಅವರನ್ನು ಪ್ರಶ್ನೆ ಕೇಳುವ ಹಕ್ಕು ನಮಗಿದೆ, ಹಾಗೆ ಕೇಳುವುದು ಉದ್ಧಟತನವಲ್ಲ ಎಂಬುದನ್ನು ಹೇಳಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು: ಇದು ಸರಿಯಾದ ಬಾಗಿಲೇ?

ಎಲ್ಲ ತೊಂದರೆಗೂ ಖಾಸಗಿ ಥೆರಪಿಸ್ಟರ ಕೋಣೆ ಮೊದಲ ಜಾಗವಲ್ಲ. ಇತರರಿಗೆ ಕೇಳದ ಧ್ವನಿಗಳು ಕೇಳುತ್ತಿದ್ದರೆ, ಮನೆಯವರೇ ವಿಷ ಹಾಕುತ್ತಾರೆ ಎಂಬಂತಹ ಅನುಮಾನ ಗಟ್ಟಿಯಾಗಿದ್ದರೆ, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ದಣಿವಾಗದೆ ಮಾತು ಮತ್ತು ಖರ್ಚು ಎರಡೂ ಮಿತಿ ಮೀರಿದ್ದರೆ, ನೇರವಾಗಿ ಮನೋವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಬಹಳ ವರ್ಷ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಗುವುದು, ಬೆವರುವುದು, ಕೆಲವರಿಗೆ ಫಿಟ್ಸ್ ಬರುವುದು ಉಂಟು; ಅದು ಜೀವಕ್ಕೇ ಅಪಾಯವಾದ ಸ್ಥಿತಿ, ಮಾತಿನ ಚಿಕಿತ್ಸೆಗೆ ಕಾಯುವಂಥದ್ದಲ್ಲ.

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರಿ ಸೇವೆ ಇದು. ಅಪಾಯ ಕಣ್ಣೆದುರಿಗಿದ್ದರೆ 112 ಅಥವಾ 108ಕ್ಕೆ ಕರೆ ಮಾಡಬೇಕು. ಇಂಥ ಯೋಚನೆಯನ್ನು ಬಾಯಿಬಿಟ್ಟರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಯೋಚನೆ ಬರುವುದು ಎಂದಿಗೂ ಅಪರಾಧವಾಗಿರಲಿಲ್ಲ. ಪ್ರಯತ್ನ ಮಾಡಿದವರನ್ನು ಸಹ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು ಹೇಳುತ್ತದೆ.

ಇನ್ನೊಂದು ಮಾತು ಬಹಳ ಸಾದಾ ಎನಿಸಬಹುದು. ದಣಿವು, ಮಂಕು, ಎದೆ ಡವಡವ, ಕೈಕಾಲು ಜೋಮು ಹಿಡಿಯುವುದು ಇವೆಲ್ಲ ಥೈರಾಯ್ಡ್ ಏರುಪೇರಿನಿಂದಲೂ, ರಕ್ತಹೀನತೆಯಿಂದಲೂ, ಬಿ12 ಜೀವಸತ್ವದ ಕೊರತೆಯಿಂದಲೂ ಬರುತ್ತವೆ. ಪೂರ್ಣ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ತಿನ್ನುವವರಲ್ಲಿ, ಬಿ12 ಕೊರತೆ ಅಪರೂಪವೇನಲ್ಲ. ಆದ್ದರಿಂದ ನಿಮ್ಮ ಮನೆಯ ವೈದ್ಯರ ಬಳಿ ಒಂದು ರಕ್ತ ತಪಾಸಣೆ ಮಾಡಿಸಿಕೊಂಡು, ಆ ವರದಿಯನ್ನು ಜೊತೆಗೆ ಒಯ್ಯಿರಿ. ವರದಿ ಸರಿ ಇದ್ದ ಮಾತ್ರಕ್ಕೆ ತೊಂದರೆ ಸುಳ್ಳಲ್ಲ ಎಂಬುದನ್ನೂ ನೆನಪಿಡಿ. ನಾನು ಎರಡು ಸಲ ಇಸಿಜಿ ತೆಗೆಸಿದಾಗ ಎರಡೂ ಸಲ ಎಲ್ಲ ಸರಿ ಇದೆ ಎಂದೇ ಬಂತು. ಎದೆ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು.

ಎದುರಿಗೆ ಕುಳಿತವರು ಯಾರು?

ನಮ್ಮಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ಬೋರ್ಡಿನ ಮೇಲೆ ಮನೋತಜ್ಞ, ಸೈಕಾಲಜಿಸ್ಟ್, ಕೌನ್ಸೆಲರ್, ಥೆರಪಿಸ್ಟ್ ಎಂಬ ಪದಗಳೆಲ್ಲ ಒಂದೇ ಎಂಬಂತೆ ಬಳಕೆಯಾಗುತ್ತವೆ, ಆದರೆ ಅವುಗಳ ಹಿಂದಿರುವ ಓದು ಬೇರೆ ಬೇರೆ.

ಮನೋವೈದ್ಯರು ಮೊದಲು ಎಂಬಿಬಿಎಸ್ ಓದಿ, ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಗುಳಿಗೆ ಬರೆದುಕೊಡುವ ಅಧಿಕಾರ ಇವರಿಗಿದೆ. ನಮ್ಮ ರಾಜ್ಯದಲ್ಲಿ ವೃತ್ತಿ ಮಾಡುವವರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು, ಅದರ ಸಂಖ್ಯೆ ಸಾಮಾನ್ಯವಾಗಿ ಚೀಟಿಯ ಮೇಲೆಯೇ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ನಂತರ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ ಪಡೆಯುವ ಎರಡು ವರ್ಷದ ಎಂ.ಫಿಲ್. ಅಥವಾ ಅದಕ್ಕೆ ಸಮನಾದ, ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಓದನ್ನು ಮುಗಿಸಿದವರು. ಆರ್‌ಸಿಐ ಎಂದು ಕರೆಯಲಾಗುವ ಈ ಪರಿಷತ್ತು 1992ರ ಕಾಯ್ದೆಯಡಿ ಬಂದದ್ದು. ಅದರ ಜಾಲತಾಣದಲ್ಲಿ ಹೆಸರು ಹಾಕಿ, ಈ ವ್ಯಕ್ತಿಯ ನೋಂದಣಿ ಇದೆಯೇ, ನವೀಕರಣವಾಗಿದೆಯೇ ಎಂದು ಮನೆಯಲ್ಲಿ ಕುಳಿತೇ ನೋಡಬಹುದು. ಐದು ನಿಮಿಷದ ಕೆಲಸ. ಇವರು ಗುಳಿಗೆ ಬರೆಯುವುದಿಲ್ಲ, ಬರೆಯಲೂಬಾರದು. ಮನೋಸಾಮಾಜಿಕ ಕಾರ್ಯಕರ್ತರು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಇದೇ ರೀತಿ ಮುಂದೆ ಓದಿದವರಾಗಿದ್ದು, ಕುಟುಂಬದ ಜಗಳ, ದಾಂಪತ್ಯ, ಕುಡಿತ ಇಂಥ ವಿಷಯಗಳಲ್ಲಿ ಬಹಳ ಅನುಭವ ಉಳ್ಳವರಾಗಿರುತ್ತಾರೆ.

ಆಪ್ತಸಮಾಲೋಚಕರ ಗುಂಪು ದೊಡ್ಡದು. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದವರೂ ಇಲ್ಲಿದ್ದಾರೆ, ಎರಡು ಶನಿವಾರ ಭಾನುವಾರಗಳ ಆನ್‌ಲೈನ್ ಶಿಬಿರದ ಪ್ರಮಾಣಪತ್ರ ಹಿಡಿದು ಬಂದವರೂ ಇದ್ದಾರೆ. ಇವರೆಲ್ಲರನ್ನೂ ಒಂದು ನೋಂದಣಿಯ ಅಡಿ ತರುವ ದಿಕ್ಕಿನಲ್ಲಿ 2021ರಲ್ಲಿ ಕೇಂದ್ರದ ಒಂದು ಕಾಯ್ದೆ ಬಂದಿದೆಯಾದರೂ, ಸದ್ಯಕ್ಕೆ ಪರೀಕ್ಷಿಸಿ ನೋಡುವ ಭಾರ ನಮ್ಮ ಮೇಲೆಯೇ ಇದೆ. ಒಳ್ಳೆಯ ಸಮಾಲೋಚಕರು ಕ್ಲಿನಿಕಲ್ ಸೈಕಾಲಜಿಸ್ಟರಿಗಿಂತ ಕಡಿಮೆಯವರೆಂದು ನಾನು ಹೇಳುತ್ತಿಲ್ಲ. ನನಗೆ ಕೊನೆಗೆ ದಾರಿ ತೋರಿಸಿದವರು ಸಮಾಲೋಚಕಿಯೇ. ಆದರೆ ಎಲ್ಲಿ ಓದಿದಿರಿ, ಎಷ್ಟು ವರ್ಷವಾಯಿತು, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವರು ಮುಖ ಗಂಟಿಕ್ಕಲಿಲ್ಲ, ಅಷ್ಟೂ ವಿವರವಾಗಿ ಹೇಳಿದರು. ಹೆಸರಿನ ಮುಂದೆ ಇರುವ ‘ಡಾ.’ ಎಂಬ ಅಕ್ಷರವೊಂದನ್ನೇ ನಂಬಬೇಡಿ. ಅದು ಎಂಬಿಬಿಎಸ್‌ನಿಂದ ಬಂದಿರಬಹುದು, ಪಿಎಚ್.ಡಿ.ಯಿಂದ ಬಂದಿರಬಹುದು, ಶಾಲು ಹಾರದ ಜೊತೆಗೆ ವೇದಿಕೆಯ ಮೇಲೆ ಕೊಟ್ಟ ಗೌರವ ಪದವಿಯಿಂದಲೂ ಬಂದಿರಬಹುದು.

ಪದ್ಧತಿಗಳ ಹೆಸರುಗಳಿಗೆ ಹೆದರುವ ಅಗತ್ಯವಿಲ್ಲ. ಬೆಳಗಾವಿಯವರಿಗೆ ಸಿಬಿಟಿ ಎಂದರೆ ಬಸ್ ನಿಲ್ದಾಣ. ಥೆರಪಿಯಲ್ಲಿ ಸಿಬಿಟಿ ಎಂದರೆ ನಮ್ಮ ಯೋಚನೆ ಮತ್ತು ನಡವಳಿಕೆಗಳ ನಂಟನ್ನು ಹಿಡಿದು ಕೆಲಸ ಮಾಡುವ ಒಂದು ಪದ್ಧತಿ. ಆಫೀಸಿನಲ್ಲಿ ಸಾಹೇಬರು ನಮ್ಮ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡಲಿಲ್ಲ ಎಂದಿಟ್ಟುಕೊಳ್ಳಿ. ನನ್ನಿಂದ ಏನೋ ತಪ್ಪಾಗಿದೆ, ಇನ್ನು ನನ್ನನ್ನು ವರ್ಗ ಮಾಡುತ್ತಾರೆ ಎಂದು ಮನಸ್ಸು ಓಡುತ್ತದೆ, ಊಟ ಸೇರುವುದಿಲ್ಲ, ಮರುದಿನ ರಜೆ ಹಾಕುತ್ತೇವೆ. ಆ ಓಟದಲ್ಲಿ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬಿಡಿಸಿ ನೋಡುವುದನ್ನು ಇಲ್ಲಿ ಕಲಿಸುತ್ತಾರೆ, ಮನೆಯಲ್ಲಿ ಬರೆದು ತರಲು ಕೆಲಸವನ್ನೂ ಕೊಡುತ್ತಾರೆ. ಕೈ ತೊಳೆದಷ್ಟೂ ಸಮಾಧಾನವಾಗದ, ಬೀಗ ಹಾಕಿದ್ದನ್ನು ಹತ್ತು ಸಲ ನೋಡಿ ಬರುವ ಗೀಳಿಗೆ ಬೇರೆ ರೀತಿಯ ತರಬೇತಿ ಬೇಕು. ನನ್ನ ತೊಂದರೆಗೆ ನೀವು ಯಾವ ರೀತಿ ಕೆಲಸ ಮಾಡುತ್ತೀರಿ, ಅದನ್ನೇ ಏಕೆ ಎಂದು ಕೇಳಿದಾಗ, ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಬರಬೇಕು. ಮೂರು ಭೇಟಿಯಲ್ಲಿ ಪೂರ್ತಿ ಗುಣ ಎಂಬ ಗ್ಯಾರಂಟಿ ಸಿಕ್ಕರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಫೋನಿನಲ್ಲಿ ಹತ್ತು ನಿಮಿಷ

ಭೇಟಿಯ ದಿನ ನಿಗದಿ ಮಾಡುವ ಮೊದಲು ಒಂದು ಸಲ ಫೋನಿನಲ್ಲಿ ಮಾತನಾಡುವುದು ಒಳ್ಳೆಯದು. ಹೇಗೆ ಆರಂಭಿಸುವುದು ಎಂಬ ಸಂಕೋಚಕ್ಕೇ ಅನೇಕರು ಫೋನು ಹಚ್ಚುವುದಿಲ್ಲ. ನಾನು ಎರಡನೆಯ ಸಲ ಹಚ್ಚಿದಾಗ ಆಡಿದ ಮಾತು ಇಷ್ಟೇ: “ಮೇಡಂ, ನಮಸ್ಕಾರ್ರಿ. ಆರು ತಿಂಗಳಾತು, ಜೀವಕ್ಕ ಸಮಾಧಾನ ಇಲ್ರಿ, ರಾತ್ರಿ ನಿದ್ದಿ ಹತ್ತವಲ್ದು. ನಿಮ್ಮ ಕಡೆ ಬರಬೇಕಂತೀನಿ. ಮೊದಲ ಒಂದ್ನಾಕು ಮಾತು ಕೇಳ್ಲೇನ್ರಿ?” ಆ ಕಡೆಯಿಂದ “ಕೇಳ್ರಿ, ಅದಕ್ಕೇನಂತ, ಕೇಳಿನ ಬರ್ರಿ” ಎಂಬ ಉತ್ತರ ಬಂತು. ಅರ್ಧ ಭಾರ ಅಲ್ಲಿಯೇ ಇಳಿಯಿತು.

ಆ ನಾಲ್ಕು ಮಾತುಗಳಲ್ಲಿ ಓದು ಮತ್ತು ನೋಂದಣಿಯ ವಿಷಯ ಮೊದಲನೆಯದು. ಎರಡನೆಯದು, ಕೋಣೆ ಹೇಗಿದೆ, ಮಾತು ಹೊರಗೆ ಕೇಳುತ್ತದೆಯೇ, ಹೊರಗೆ ಕಾಯುವ ಜಾಗದಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು. ಕೆಲವರು ಇಬ್ಬರ ಭೇಟಿಗಳ ನಡುವೆ ಹದಿನೈದು ನಿಮಿಷ ಬಿಟ್ಟು, ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುವಂತೆ ವ್ಯವಸ್ಥೆ ಮಾಡುತ್ತಾರೆ. ಸಣ್ಣ ಊರಿನಲ್ಲಿ ಇದು ದೊಡ್ಡ ಉಪಕಾರ. ಮೂರನೆಯದು ಭಾಷೆ. ಎದೆಯೊಳಗಿನ ಸಂಕಟವನ್ನು ಇಂಗ್ಲಿಷಿಗೋ, ಪುಸ್ತಕದ ಕನ್ನಡಕ್ಕೋ ತಿರುಗಿಸಿ ಹೇಳುವಾಗ ಅದರ ಅರ್ಧ ದಾರಿಯಲ್ಲಿಯೇ ಸೋರಿಹೋಗುತ್ತದೆ. “ತಲಿ ಗಿಂವ್ ಅಂತದ”, “ಹೊಟ್ಟ್ಯಾಗ ಕಲಸಿದಂಗ ಆಗ್ತದ” ಎಂದರೆ ಅರ್ಥವಾಗುವವರು ಬೇಕು. ಬೆಳಗಾವಿ ಕಡೆ ಮನೆಮಾತು ಮರಾಠಿ ಇರುವವರಿಗೂ, ಇಲ್ಲಿ ಉರ್ದು ಆಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ನಾಲ್ಕನೆಯದು ಹಣದ ವಿಷಯ, ಅದನ್ನು ಮುಂದೆ ಹೇಳುತ್ತೇನೆ.

ಅವರು ನಿಮಗೆ ಯಾವುದಾದರೂ ರೀತಿಯಲ್ಲಿ ಬಳಗವೇ, ಗೊತ್ತಿರುವ ಮನೆಯವರೇ ಎಂಬುದನ್ನೂ ಇದೇ ಫೋನಿನಲ್ಲಿ ತಿಳಿದುಕೊಳ್ಳಿ. ನಮ್ಮ ಕಡೆ ಊರು ಮತ್ತು ಅಡ್ಡಹೆಸರು ಹೇಳಿದರೆ ಮೂರನೆಯ ಮಾತಿಗೆ ಬೀಗರ ನಂಟು ಹೊರಬೀಳುತ್ತದೆ. ಹತ್ತಿರದ ನೆಂಟರನ್ನು, ಗೆಳೆಯರನ್ನು, ತಮ್ಮ ವಿದ್ಯಾರ್ಥಿಗಳನ್ನು ಥೆರಪಿಗೆ ತೆಗೆದುಕೊಳ್ಳಬಾರದೆಂಬುದು ಈ ವೃತ್ತಿಯ ನೀತಿ; ಹಾಗೆ ನಂಟು ಕಂಡಾಗ ತಾವಾಗಿಯೇ ಬೇರೆಯವರ ಹೆಸರು ಸೂಚಿಸುವವರು ನಂಬಿಕೆಗೆ ಯೋಗ್ಯರು. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಎನಿಸಿದರೆ ವಿಜಯಪುರದವರು ಬಾಗಲಕೋಟೆಗೆ, ಜಮಖಂಡಿಯವರು ಬೆಳಗಾವಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸು ಇದೆ, ಟಿಕೆಟಿನ ಖರ್ಚಿಲ್ಲ. ತಾಸುಗಳ ಖರ್ಚು ಮಾತ್ರ.

ಆನ್‌ಲೈನ್ ಭೇಟಿ ಇನ್ನೊಂದು ದಾರಿ. ಅದಕ್ಕೆ ಕಿವಿಗೆ ಹಾಕುವ ಇಯರ್‌ಫೋನು, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಮತ್ತು ಸ್ಥಿರವಾದ ನೆಟ್‌ವರ್ಕ್ ಬೇಕು. ಕೂಡು ಕುಟುಂಬದ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಅದೇ ಒಂದು ಪ್ರಶ್ನೆಯಾಗುತ್ತದೆ. ಮಾಳಿಗೆಯ ಮೇಲೆ, ನಿಲ್ಲಿಸಿದ ಕಾರಿನಲ್ಲಿ, ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕುಳಿತು ಮಾತನಾಡುವವರನ್ನು ನಾನು ಬಲ್ಲೆ. ಸರಿಯಾದ ಥೆರಪಿಸ್ಟರು ನೀವು ಈಗ ಎಲ್ಲಿ ಕುಳಿತಿದ್ದೀರಿ, ತುರ್ತು ಸಂದರ್ಭದಲ್ಲಿ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ, ನಿಮ್ಮ ಒಪ್ಪಿಗೆಯಿಲ್ಲದೆ ಏನನ್ನೂ ರೆಕಾರ್ಡ್ ಮಾಡುವುದಿಲ್ಲ.

ಗುಟ್ಟು ಎಲ್ಲಿಯವರೆಗೆ ಗುಟ್ಟು

ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಚಿಕಿತ್ಸೆಗೆ ಬಂದವರ ವಿಷಯವನ್ನು ಗುಟ್ಟಾಗಿ ಇಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಗಂಡ ಕೇಳಿದರು, ಅತ್ತೆ ಕೇಳಿದರು, ಫೀಸು ಕಟ್ಟುವವನು ನಾನೇ ಎಂದು ಅಣ್ಣ ಕೇಳಿದರು ಎಂಬ ಕಾರಣಕ್ಕೆ ನೀವು ಕೋಣೆಯಲ್ಲಿ ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ. ಆದರೆ ಈ ಗುಟ್ಟಿಗೆ ಕೆಲವು ಗಡಿಗಳಿವೆ, ಅವುಗಳನ್ನು ಮೊದಲೇ ತಿಳಿದಿರಬೇಕು. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆ ಎನಿಸಿದಾಗ, ನ್ಯಾಯಾಲಯ ಅಥವಾ ಕಾನೂನಿನ ಅಧಿಕಾರವುಳ್ಳ ಸಂಸ್ಥೆ ಆದೇಶಿಸಿದಾಗ, ಚಿಕಿತ್ಸೆಯ ಸಲುವಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದಾಗ, ಅಗತ್ಯವಿರುವಷ್ಟನ್ನು ಮಾತ್ರ ಹೇಳಲು ಅವಕಾಶವಿದೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಮೊದಲ ಭೇಟಿಯಲ್ಲಿ ಇದನ್ನೆಲ್ಲ ಬರೆದ ಒಪ್ಪಿಗೆ ಪತ್ರವನ್ನು ಕೊಡುತ್ತಾರೆ ಅಥವಾ ಬಾಯಿಮಾತಿನಲ್ಲಿ ವಿವರಿಸುತ್ತಾರೆ. ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ, ತಿಳಿಯದೆ ಸಹಿ ಹಾಕಬೇಡಿ. ಅವರು ಬರೆದುಕೊಳ್ಳುವ ಟಿಪ್ಪಣಿ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ನೀವು ಕಳಿಸಿದ ಸಂದೇಶ ಅವರ ಸಹಾಯಕರ ಮೊಬೈಲಿಗೂ ಹೋಗುತ್ತದೆಯೇ ಎಂದೂ ಕೇಳಿ. ನಿಮ್ಮ ಹೆಸರನ್ನು ಮೊಬೈಲಿನಲ್ಲಿ ಹೇಗೆ ಉಳಿಸಿಕೊಂಡಿದ್ದಾರೆ ಎಂಬಲ್ಲಿಯವರೆಗೆ ಕೇಳಿದರೂ ತಪ್ಪಿಲ್ಲ. ಪೇಟೆಯಲ್ಲಿ ಎದುರಾದರೆ ಏನು ಮಾಡುವುದು ಎಂಬುದನ್ನು ಸಹ ಮಾತಾಡಿಕೊಂಡಿರಬೇಕು. ನನ್ನ ಥೆರಪಿಸ್ಟರು, ನಾನಾಗಿ ಮಾತನಾಡಿಸದ ಹೊರತು ತಾವು ಗುರುತು ತೋರಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಸಂಕ್ರಮಣದ ಜಾತ್ರೆಯಲ್ಲಿ, ಸಿದ್ಧೇಶ್ವರ ಗುಡಿಯ ಮುಂದೆ, ನನ್ನ ಅತ್ತೆಯವರ ಎದುರಿಗೇ ಅವರು ಬಳೆ ಅಂಗಡಿಯತ್ತ ಮುಖ ಮಾಡಿ ದಾಟಿಹೋದಾಗ ಆ ಮಾತಿನ ಬೆಲೆ ತಿಳಿಯಿತು.

ಮನೆಯವರ ವಿಷಯ ಇಲ್ಲಿಯೇ ಬರುತ್ತದೆ. ನಮ್ಮಲ್ಲಿ ಹೆಣ್ಣುಮಗಳೊಬ್ಬಳು ದವಾಖಾನೆಗೆ ಒಬ್ಬಳೇ ಹೋಗುವುದು ಕಡಿಮೆ. ಜೊತೆಗೆ ಬಂದವರು ಒಳಗೂ ಬಂದು ಕುಳಿತು, ಅವಳ ಪರವಾಗಿ ತಾವೇ ಉತ್ತರ ಹೇಳತೊಡಗುತ್ತಾರೆ. ಥೆರಪಿಸ್ಟರು ಜೊತೆಗೆ ಬಂದವರ ಮಾತನ್ನು ಕೇಳಿದ ಮೇಲೆ, ನಿಮ್ಮೊಬ್ಬರೊಂದಿಗೇ ಮಾತನಾಡುವ ಸಮಯವನ್ನು ಕೊಡಲೇಬೇಕು. ಅದನ್ನು ನೀವಾಗಿ ಕೇಳುವುದು ಕಷ್ಟವಾಗುವಂತಿದ್ದರೆ ಫೋನಿನಲ್ಲಿಯೇ ಹೇಳಿಡಿ, ಉಳಿದದ್ದನ್ನು ಅವರು ನಾಜೂಕಾಗಿ ನಿಭಾಯಿಸುತ್ತಾರೆ. ಹದಿನೆಂಟರೊಳಗಿನ ಮಕ್ಕಳಿಗೆ ತಂದೆ ತಾಯಿಯ ಒಪ್ಪಿಗೆ ಬೇಕು, ಆದರೆ ಮಗು ಹೇಳಿದ್ದೆಲ್ಲವನ್ನೂ ತಂದೆ ತಾಯಿಗೆ ಒಪ್ಪಿಸುವುದಿಲ್ಲ ಎಂಬುದನ್ನು ಮಗುವಿನ ಎದುರಿಗೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹಣದ ಲೆಕ್ಕ

ಥೆರಪಿ ಒಂದು ಭೇಟಿಯಲ್ಲಿ ಮುಗಿಯುವುದಿಲ್ಲ. ಒಂದೊಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ, ಆರಂಭದಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಇರುತ್ತದೆ. ಸಿಬಿಟಿಯಂತಹ ಪದ್ಧತಿಗೆ ಹತ್ತರಿಂದ ಇಪ್ಪತ್ತು ಭೇಟಿಗಳ ಆಸುಪಾಸು ಹಿಡಿಯುತ್ತದೆ, ಹಳೆಯ ಗಾಯಗಳಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಫೀಸು ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗುತ್ತದೆ. ಒಂದು ಭೇಟಿಗೆ 800 ರೂಪಾಯಿ ಎಂದಿಟ್ಟುಕೊಂಡರೆ ಹನ್ನೆರಡು ಭೇಟಿಗೆ 9,600 ಆಗುತ್ತದೆ. ಅರ್ಧ ದಾರಿಯಲ್ಲಿ ಹಣ ಸಾಲದೆ ನಿಲ್ಲಿಸುವುದಕ್ಕಿಂತ, ತಿಂಗಳಿಗೆ ಇಷ್ಟೇ ನನ್ನಿಂದಾಗುತ್ತದೆ ಎಂದು ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಅಂತರ ಹಾಕಿಕೊಳ್ಳುವುದು ಜಾಣತನ. ಫೀಸು ಕಡಿಮೆ ಮಾಡುವ ಅವಕಾಶವಿದೆಯೇ ಎಂದು ಕೇಳಿ. ಅನೇಕರು ಕೆಲವು ಜಾಗಗಳನ್ನು ಹಾಗೆ ತೆಗೆದಿಟ್ಟಿರುತ್ತಾರೆ. ಬರಲಾಗದಿದ್ದರೆ ಎಷ್ಟು ಮೊದಲು ತಿಳಿಸಬೇಕು, ತಿಳಿಸದಿದ್ದರೆ ಪೂರ್ತಿ ಹಣ ಕೊಡಬೇಕೇ ಎಂಬುದನ್ನೂ ಕೇಳಿಟ್ಟುಕೊಳ್ಳಿ, ಒಂದು ದಿನ ಮೊದಲು ಎಂಬ ಕರಾರು ಸಾಮಾನ್ಯ. ಇಪ್ಪತ್ತು ಭೇಟಿಯ ಹಣವನ್ನು ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಬೀಳಬೇಡಿ. ಮೊದಲ ಎರಡು ಭೇಟಿಯಲ್ಲಿ ಹೊಂದಿಕೆಯಾಗದಿದ್ದರೆ ಆ ಹಣ ಹಿಂದೆ ಬರುವುದು ಕಷ್ಟ.

ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದಾಗ ಮಾತ್ರ ಹಣ ಕೊಡುವುದರಿಂದ, ವಾರದ ಥೆರಪಿಯ ಖರ್ಚು ಕೈಯಿಂದಲೇ ಹೋಗುತ್ತದೆ ಎಂದು ತಿಳಿದು ಲೆಕ್ಕ ಹಾಕಿ. ರಸೀದಿಯನ್ನು ಮಾತ್ರ ಪ್ರತಿ ಸಲವೂ ಪಡೆಯಿರಿ.

ಹಣ ಇಲ್ಲದವರಿಗೆ ದಾರಿ ಇಲ್ಲವೆಂದಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದ ಬಳ್ಳಾರಿಯಲ್ಲಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಯೋಜನೆಯಾಯಿತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ, ಹೋಗುವ ಮೊದಲು ಆ ವಾರ ಬರುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ. ಧಾರವಾಡದ ಡಿಮ್ಹಾನ್ಸ್ ಈ ಭಾಗದ ದೊಡ್ಡ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಸರದಿ ಉದ್ದ ಇರುತ್ತದೆ, ಪ್ರತಿಯೊಬ್ಬರಿಗೂ ಮುಕ್ಕಾಲು ತಾಸು ಸಿಗುವುದಿಲ್ಲ ಎಂಬುದು ನಿಜ. ಆದರೆ ರೋಗ ಯಾವುದು ಎಂದು ಗುರುತಿಸಿಕೊಳ್ಳಲು, ಗುಳಿಗೆ ಬೇಕೇ ಎಂದು ತಿಳಿಯಲು ಅಲ್ಲಿಗೆ ಹೋಗಿ, ಮಾತಿನ ಚಿಕಿತ್ಸೆಗೆ ಮಾತ್ರ ಖಾಸಗಿಗೆ ಬರುವುದು ಒಳ್ಳೆಯ ಹಾದಿ.

ಹೋಗುವ ಹಿಂದಿನ ರಾತ್ರಿ

ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ತೊಂದರೆ ಯಾವಾಗ ಆರಂಭವಾಯಿತು, ನಿದ್ದೆ ಮತ್ತು ಊಟ ಹೇಗಿದೆ, ಮನೆತನದಲ್ಲಿ ಹಿಂದೆ ಯಾರಿಗಾದರೂ ಇಂಥದ್ದು ಆಗಿತ್ತೇ, ಕುಡಿತ ಅಥವಾ ತಂಬಾಕಿನ ಅಭ್ಯಾಸ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ನುಂಗುತ್ತಿರುವ ಗುಳಿಗೆಗಳ ಹೆಸರು ನೆನಪಿರುವುದಿಲ್ಲ, ಆದ್ದರಿಂದ ಗುಳಿಗೆಯ ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊಳ್ಳಿ. ಗುಡಿಯಲ್ಲಿ ಹೇಳಿಕೆ ಕೇಳಿದ್ದು, ದರ್ಗಾದಿಂದ ತಾಯಿತ ತಂದದ್ದು, ನಾಟಿ ಔಷಧಿ ಕುಡಿದದ್ದು ಇದ್ದರೆ ಅದನ್ನೂ ಬರೆಯಿರಿ. ನಾಚಿಕೆಪಡುವಂಥದ್ದು ಏನೂ ಇಲ್ಲ, ನಮ್ಮಲ್ಲಿ ಬಹುತೇಕರು ಮೊದಲು ಹೋಗುವುದು ಅಲ್ಲಿಗೇ. ಕೊನೆಯಲ್ಲಿ, ಈ ಥೆರಪಿಯಿಂದ ನನ್ನ ದಿನದಲ್ಲಿ ಏನು ಬದಲಾಗಬೇಕು ಎಂದು ಒಂದು ವಾಕ್ಯ ಬರೆಯಿರಿ. ನಾನು ಬರೆದದ್ದು, “ರೊಟ್ಟಿ ಬಡಿಯುವಾಗ ಕಣ್ಣೀರು ಬರಬಾರದು” ಎಂದು. ಎಷ್ಟು ಮುಂದೆ ಬಂದಿದ್ದೇನೆ ಎಂದು ಅಳೆಯಲು ಅದೇ ನನಗೆ ಅಳತೆಗೋಲಾಯಿತು.

ಮೊದಲ ಭೇಟಿಯಲ್ಲಿ ಹೆಚ್ಚಾಗಿ ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಪರಿಹಾರ ಅಂದೇ ಸಿಗುವುದಿಲ್ಲ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಂತಹ ಒಂದು ಹಾಳೆಯನ್ನು ತುಂಬಲು ಕೊಡಬಹುದು. ಕಳೆದ ಎರಡು ವಾರಗಳಲ್ಲಿ ಮನಸ್ಸು ಹೇಗಿತ್ತು ಎಂದು ಕೇಳುವ ಆ ಹಾಳೆಯಲ್ಲಿ 0ಯಿಂದ 27ರವರೆಗೆ ಅಂಕ ಬರುತ್ತದೆ. ಇದು ಪರೀಕ್ಷೆಯ ಫಲಿತಾಂಶವಲ್ಲ, ಮುಂದೆ ಹೋಲಿಸಿ ನೋಡಲು ಇಟ್ಟುಕೊಂಡ ಗುರುತು. ಎಲ್ಲವನ್ನೂ ಮೊದಲ ದಿನವೇ ಹೇಳಬೇಕೆಂದಿಲ್ಲ. ಇದರ ಬಗ್ಗೆ ಈಗ ಬೇಡ, ಮುಂದೆ ಹೇಳುತ್ತೇನೆ ಎನ್ನಬಹುದು.

ಎರಡು ಮೂರು ಭೇಟಿಗಳಾದ ಮೇಲೆ ಮೊದಲಿಗಿಂತ ಹೆಚ್ಚು ಅಳು ಬರುವುದು, ದಣಿವಾಗುವುದು ಉಂಟು. ಮುಚ್ಚಿಟ್ಟದ್ದು ತೆರೆದಾಗ ಹಾಗಾಗುತ್ತದೆ, ಅದನ್ನು ಥೆರಪಿಸ್ಟರಿಗೇ ಹೇಳಿ. ಗುಳಿಗೆಯೂ ನಡೆಯುತ್ತಿದ್ದರೆ, ಖಿನ್ನತೆಯ ಗುಳಿಗೆಗಳು ಕೆಲಸ ತೋರಿಸಲು ಎರಡರಿಂದ ಆರು ವಾರ ಹಿಡಿಯುತ್ತವೆ ಎಂಬುದು ತಿಳಿದಿರಲಿ. ಬರೆದ ವೈದ್ಯರನ್ನು ಕೇಳದೆ ಅವುಗಳನ್ನು ಒಮ್ಮೆಲೇ ಬಿಡಬಾರದು. ವೈದ್ಯರಲ್ಲದ ಥೆರಪಿಸ್ಟರು ಗುಳಿಗೆ ನಿಲ್ಲಿಸಿ ಎಂದರೆ ಆ ಮಾತನ್ನು ಕೇಳಬೇಡಿ.

ಬಿಟ್ಟು ಬರಬೇಕಾದಾಗ

ಹೊಂದಿಕೆಯಾಗದಿರುವುದು ಬೇರೆ, ತಪ್ಪು ನಡೆಯುವುದು ಬೇರೆ. ನಾಲ್ಕೈದು ಭೇಟಿಗಳ ನಂತರವೂ ನನ್ನ ಮಾತು ಇವರಿಗೆ ತಲುಪುತ್ತಿಲ್ಲ ಎನಿಸಿದರೆ, ಅದನ್ನು ಬಾಯಿಬಿಟ್ಟು ಹೇಳಿ ನೋಡಿ. ಒಳ್ಳೆಯವರು ದಾರಿ ಬದಲಿಸುತ್ತಾರೆ ಅಥವಾ ಬೇರೆಯವರ ಹೆಸರು ಕೊಡುತ್ತಾರೆ. ಆದರೆ ಮೈ ಮುಟ್ಟುವುದು, ಲೈಂಗಿಕ ಅರ್ಥದ ಮಾತಾಡುವುದು, ಸಾಲ ಕೇಳುವುದು, ಹರಳು ಅಥವಾ ಪೌಡರ್ ಡಬ್ಬಿ ಮಾರುವುದು, ಇನ್ನೊಬ್ಬ ರೋಗಿಯ ಕಥೆಯನ್ನು ಊರು ಹೆಸರು ಸಮೇತ ಹೇಳುವುದು, ಜಾತಿ ಕೇಳಿ ಉಪದೇಶ ಮಾಡುವುದು, “ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತದ” ಎಂದು ಮನೆಯವರಿಗೆ ಹೇಳಿ ಕಳಿಸುವುದು ಇವು ಹೊಂದಿಕೆಯ ಪ್ರಶ್ನೆಯಲ್ಲ. ಇನ್ನೊಬ್ಬರ ಗುಟ್ಟನ್ನು ನಿಮಗೆ ಹೇಳಿದವರು ನಿಮ್ಮದನ್ನೂ ಹೇಳುತ್ತಾರೆ. ಅಂಥ ಕಡೆ ವಿವರಣೆ ಕೊಡುವ ಹಂಗೂ ಬೇಡ. ವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟರಾದರೆ ಆರ್‌ಸಿಐಗೆ ದೂರು ಕೊಡಬಹುದು, ಹಣದ ಮೋಸವಾದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ರಸೀದಿ ಕೇಳಿ ಪಡೆಯಿರಿ ಎಂದು ಮೊದಲು ಹೇಳಿದ್ದು ಇದಕ್ಕೂ ಆಗುತ್ತದೆ.

ಎಲ್ಲ ಸರಿಯಾಗಿ ನಡೆದು ಮುಗಿಸುವ ಹಂತಕ್ಕೆ ಬಂದಾಗ, ಇನ್ನು ಬರುವುದಿಲ್ಲ ಎಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿ ಸುಮ್ಮನಾಗಬೇಡಿ, ಕೊನೆಯ ಭೇಟಿ ಎಂದೇ ಒಂದನ್ನು ಇಟ್ಟುಕೊಳ್ಳಿ. ತೊಂದರೆ ಮರಳುವ ಮೊದಲ ಲಕ್ಷಣಗಳು ನಿಮ್ಮಲ್ಲಿ ಯಾವುವು, ಆಗ ಏನು ಮಾಡಬೇಕು ಎಂಬುದನ್ನು ಆ ದಿನ ಇಬ್ಬರೂ ಸೇರಿ ಬರೆದುಕೊಳ್ಳುತ್ತೀರಿ. ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವವರಿದ್ದರೆ, ಇಲ್ಲಿಯವರೆಗೆ ನಡೆದ ಚಿಕಿತ್ಸೆಯ ಒಂದು ಪುಟದ ಸಾರಾಂಶ ಕೇಳಿ ಪಡೆಯಿರಿ; ಅಲ್ಲಿ ಹೊಸಬರ ಮುಂದೆ ಮೊದಲಿನಿಂದ ಹೇಳುವ ದಣಿವು ತಪ್ಪುತ್ತದೆ. ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೆಯ ಕಲಮು ಕೊಟ್ಟಿದೆ. ನನ್ನ ಆ ಪುಟ, ರಸೀದಿಗಳು ಮತ್ತು ರೊಟ್ಟಿಯ ಮಾತು ಬರೆದ ಹಾಳೆ ಮೂರೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ಟ್ರಂಕಿನ ಇಳಕಲ್ ಸೀರೆಗಳ ಕೆಳಗೆ ಇವೆ.